ಒಂದು ಬಟ್ಟಲು, ನಾಲ್ಕು ಚಮಚ

ಮಕ್ಕಳ ನಾಲಿಗೆಯ ಆಸೆಗೂ ಕಾಲಧರ್ಮವೆಂಬುದೊಂದಿದೆ. ನಮ್ಮ ಬಾಲ್ಯದಲ್ಲಿ ಬೇಸಿಗೆಯ ಮಧ್ಯಾಹ್ನ ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು, ಗಂಟೆ ಬಾರಿಸುತ್ತ ಬರುತ್ತಿದ್ದ ಐಸ್ ಕ್ಯಾಂಡಿಯವನೇ ನಮಗೆ ದೊಡ್ಡ ಆಕರ್ಷಣೆ. ಜಾತ್ರೆಗೆ ಹೋದರೆ ಹೆರೆದ ಮಂಜುಗಡ್ಡೆಯ ಮೇಲೆ ಕೆಂಪು ಹಸಿರು ಪಾನಕ ಸುರಿದು, ಕಡ್ಡಿಗೆ ಚುಚ್ಚಿ ಕೊಡುತ್ತಿದ್ದ ಐಸ್ ಗೋಲಾ. ನಮ್ಮ ಮಕ್ಕಳ ಕಾಲಕ್ಕೆ ಕಪ್ಪಿನ ಐಸ್‌ಕ್ರೀಂ ಮನೆಮಾತಾಯಿತು. ಇಂದು ಮೊಮ್ಮಕ್ಕಳ ಬಾಯಲ್ಲಿ ಕೇಳಿಬರುವ ಹೆಸರುಗಳೇ ಬೇರೆ: ಬಿಂಗ್ಸು, ಕ್ರೋಫಲ್, ದಲ್ಗೋನಾ. ಕೊರಿಯ ದೇಶದ ಧಾರಾವಾಹಿಗಳನ್ನು ಮೊಬೈಲಿನಲ್ಲಿ ನೋಡಿ ಬೆಳೆಯುತ್ತಿರುವ ಈ ಮಕ್ಕಳಿಗೆ ಆ ದೇಶದ ಸಿಹಿತಿನಿಸುಗಳು ನೆರೆಮನೆಯ ಅಡುಗೆಯಷ್ಟೇ ಪರಿಚಿತ. ಬೆಂಗಳೂರಿನಲ್ಲಿಯೂ ಕೊರಿಯನ್ ಕೆಫೆಗಳು ತೆರೆದಿವೆ. "ಅಲ್ಲಿಗೆ ಕರೆದುಕೊಂಡು ಹೋಗು" ಎಂದು ಹಠ ಹಿಡಿಯುವ ಮಕ್ಕಳೊಡನೆ ಹೊರಟ ತಾಯಂದಿರ ಮನಸ್ಸಿನಲ್ಲಿ ಸಹಜವಾಗಿಯೇ ಕೆಲವು ಪ್ರಶ್ನೆಗಳಿರುತ್ತವೆ. ಇದೇನು ತಿನಿಸು? ನಮ್ಮ ಮನೆಯವರು ತಿನ್ನಬಹುದಾದುದೇ? ಕೊಟ್ಟ ಹಣಕ್ಕೆ ತಕ್ಕುದೇ?

ಈ ಪ್ರಶ್ನೆಗಳಿಗೆ ತಕ್ಕಮಟ್ಟಿಗೆ ಉತ್ತರಿಸುವ ಅವಕಾಶ ಈ ಬಾರಿ ನನಗೆ ಒದಗಿ ಬಂದಿದೆ. ಮಗಳು ಮತ್ತು ಅಳಿಯ ಉದ್ಯೋಗ ನಿಮಿತ್ತ ದಕ್ಷಿಣ ಕೊರಿಯದ ಸುವೋನ್ ನಗರದಲ್ಲಿ ನೆಲೆಸಿದ್ದಾರೆ. ರಾಜಧಾನಿ ಸಿಯೋಲ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದ ಊರದು. ಜೂನ್ ತಿಂಗಳಿನಲ್ಲಿ ಅವರಲ್ಲಿಗೆ ಹೋಗಿದ್ದಾಗ, ಎಂಟು ವರ್ಷದ ಮೊಮ್ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ನಾವು ನಾಲ್ವರೂ ಸಿಯೋಲ್‌ನ ಹೊಸ ಬಗೆಯ ಸಿಹಿತಿನಿಸಿನ ಕೆಫೆಯೊಂದಕ್ಕೆ ಭೇಟಿಯಿತ್ತೆವು.

ನಗರದ ನಡುವಣ ಜೋಂಗ್ನೊ ಪ್ರದೇಶದಲ್ಲಿ ಇಕ್ಸೋನ್‌ದೋಂಗ್ ಎಂಬ ಹಳೆಯ ಕೇರಿಯಿದೆ. ಸುತ್ತಲೂ ಗಗನಚುಂಬಿ ಕಟ್ಟಡಗಳು. ನಡುವೆ ಇಬ್ಬರು ಜೊತೆಯಾಗಿ ನಡೆಯಲು ಕಷ್ಟವೆನಿಸುವ ಓಣಿಗಳು. ಓಣಿಯ ಇಕ್ಕೆಲಗಳಲ್ಲಿ ಮರದ ಕಂಬ, ಬಾಗಿದ ಹೆಂಚಿನ ಮಾಡು, ಒಳಗೊಂದು ಅಂಗಳವಿರುವ ಸಣ್ಣ ಸಣ್ಣ ಮನೆಗಳು. ಹಾನೋಕ್ ಎಂದು ಕರೆಯಲಾಗುವ ಈ ಸಾಂಪ್ರದಾಯಿಕ ಮನೆಗಳನ್ನು ಕಂಡಾಗ ನಮ್ಮ ಕಡೆಯ ತೊಟ್ಟಿಮನೆಗಳು ನೆನಪಾಗದೆ ಇರವು. ಜಪಾನೀಯರ ಆಳ್ವಿಕೆಯ ಕಾಲದಲ್ಲಿ, 1920ರ ದಶಕದಿಂದೀಚೆಗೆ, ಜೋಂಗ್ ಸೆ-ಗ್ವೋನ್ ಎಂಬ ಉದ್ಯಮಿ ಕೊರಿಯದ ಸಾಮಾನ್ಯ ಜನರಿಗೆ ಕೈಗೆಟಕುವಂತೆ ಇಲ್ಲಿ ಮನೆಗಳನ್ನು ಕಟ್ಟಿಸಿದರು. ತಾಯ್ನುಡಿಗೆ ಸಂಕಟ ಒದಗಿದ್ದ ಆ ದಿನಗಳಲ್ಲಿ ಕೊರಿಯನ್ ಭಾಷಾ ಸಂಘಕ್ಕೆ ಕಟ್ಟಡವನ್ನು ದಾನವಿತ್ತ ಮಹನೀಯರೂ ಅವರೇ. ಒಂದು ಕಾಲಕ್ಕೆ ಕೆಡವಲು ಹೊರಟಿದ್ದ ಈ ಕೇರಿಯ ಮನೆಗಳನ್ನು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಯುವಕರು ಬಾಡಿಗೆಗೆ ಪಡೆದು ಕೆಫೆಗಳನ್ನಾಗಿ ಮಾರ್ಪಡಿಸಿದ್ದಾರೆ. ನಾವು ಹೋದ ಕೆಫೆಯೂ ಅಂತಹದೊಂದು ಮನೆಯೇ. ಅಂಗಳಕ್ಕೆ ಗಾಜಿನ ಮಾಡು ಹೊದಿಸಿದ್ದಾರೆ. ಮನೆಯ ಹಳೆಯ ತೊಲೆಗಳನ್ನು ಹಾಗೆಯೇ ಉಳಿಸಿ, ಬಿಳಿಯ ಗೋಡೆ, ತಗ್ಗಾದ ಮೇಜು, ಮಣ್ಣಿನ ಹೂಜಿಯಲ್ಲಿ ಒಂದೇ ಒಂದು ಕೊಂಬೆ. ಅಲಂಕಾರವೆಂದರೆ ತುಂಬುವುದಷ್ಟೇ ಅಲ್ಲ, ಬಿಡುವುದೂ ಹೌದು ಎಂಬ ಅಭಿರುಚಿ ಅಲ್ಲಿ ಎದ್ದು ಕಾಣುತ್ತಿತ್ತು.

ಒಳಗೆ ಕಾಲಿಟ್ಟರೆ "ಬನ್ನಿ, ಏನು ಬೇಕು?" ಎಂದು ಕೇಳುವವರಿಲ್ಲ. ಬಾಗಿಲ ಬಳಿ ಆಳೆತ್ತರದ ಯಂತ್ರವೊಂದು ನಿಂತಿದೆ. ಅದರ ಗಾಜಿನ ಮುಖದ ಮೇಲೆ ಬೆರಳೊತ್ತಿ ತಿನಿಸನ್ನು ಆರಿಸಿ, ಅಲ್ಲಿಯೇ ಹಣ ಸಲ್ಲಿಸಬೇಕು. ಅಂಗೈಯಗಲದ ಒಂದು ಬಿಲ್ಲೆ ಕೈಗೆ ಬರುತ್ತದೆ. ತಿನಿಸು ಸಿದ್ಧವಾದಾಗ ಆ ಬಿಲ್ಲೆ ನಡುಗಿ ಕರೆಯುತ್ತದೆ. ಮೊಮ್ಮಗಳು ಅಲ್ಲಿನ ಶಾಲೆಯಲ್ಲಿ ಕಲಿಯುತ್ತಿರುವವಳಾದ್ದರಿಂದ ಸರಸರನೆ ಓದಿ ಎಲ್ಲವನ್ನೂ ತಾನೇ ಪೂರೈಸಿದಳು. ಪಕ್ಕದಲ್ಲಿ ನನ್ನ ವಯಸ್ಸಿನ ಕೊರಿಯನ್ ದಂಪತಿಗಳಿಬ್ಬರು ಅದೇ ಯಂತ್ರದೆದುರು ಬಹಳ ಹೊತ್ತು ತಡವರಿಸುತ್ತಿದ್ದರು. ಮೊಮ್ಮಗಳು ಹೋಗಿ ಅವರಿಗೂ ನೆರವಾಗಿ ಬಂದಳು. ಆ ಅಜ್ಜಿ ಅವಳ ಕೆನ್ನೆ ಮುಟ್ಟಿ ಏನೋ ಹೇಳಿದರು. "ಏನೆಂದರು?" ಎಂದು ಕೇಳಿದರೆ, "ಜಾಣೆ ಅಂದರು ಅಜ್ಜಿ" ಎಂದು ನಾಚಿಕೊಂಡಳು.

ನಾವು ತರಿಸಿದ್ದು ಪಾತ್‌ಬಿಂಗ್ಸು. 'ಪಾತ್' ಎಂದರೆ ಅಲ್ಲಿನ ಕೆಂಪು ಕಾಳು. 'ಬಿಂಗ್ಸು' ಎಂದರೆ ಹೆರೆದ ಮಂಜು. ಹಾಲನ್ನೇ ಹೆಪ್ಪುಗಟ್ಟಿಸಿ, ಹತ್ತಿಯ ಎಳೆಯಂತೆ ಹಗುರವಾಗಿ ಹೆರೆದು, ದೊಡ್ಡ ಹಿತ್ತಾಳೆಯ ಬಟ್ಟಲಿನಲ್ಲಿ ಗುಡ್ಡೆಯಾಗಿ ಪೇರಿಸಿದ್ದರು. ತುದಿಯಲ್ಲಿ ಸಿಹಿಯಾಗಿ ಬೇಯಿಸಿದ ಕೆಂಪು ಕಾಳು. ಸುತ್ತಲೂ ಅಕ್ಕಿಯ ಪುಟ್ಟ ಉಂಡೆಗಳು. ಎಲ್ಲದರ ಮೇಲೆ ಹುರಿದ ಸೋಯಾ ಅವರೆಯ ಹಿಟ್ಟು. ಬಾಯಿಗಿಟ್ಟರೆ ಹಾಲಿನ ಮಂಜು ಕರಗಿಹೋಗಿ, ಕಾಳಿನ ಸಿಹಿಯೂ ಹುರಿಹಿಟ್ಟಿನ ಘಮವೂ ಉಳಿಯುತ್ತವೆ. ಸಿಹಿ ಹಿತಮಿತ, ನಮ್ಮ ಸಿಹಿತಿನಿಸುಗಳ ಅರ್ಧದಷ್ಟೂ ಇಲ್ಲ. ಬೆಲೆ 15,000 ವೋನ್, ಅಂದರೆ ನಮ್ಮ ಲೆಕ್ಕದಲ್ಲಿ ಒಂಬತ್ತುನೂರು ರೂಪಾಯಿಗಳಿಗೂ ಮೇಲು. ಇದು ಹೆಚ್ಚೆನಿಸಿದವರಿಗೆ ಮತ್ತೊಂದು ಸಂಗತಿ: ಸಿಯೋಲ್‌ನ ಶಿಲ್ಲಾ ಹೋಟೆಲಿನ ಹೆಸರಾಂತ ಮಾವಿನ ಹಣ್ಣಿನ ಬಿಂಗ್ಸುವಿನ ಬೆಲೆ 2024ರಲ್ಲಿ ಒಂದು ಲಕ್ಷ ವೋನ್‌ಗಳನ್ನು ದಾಟಿತು! ಶ್ರೀಮಂತಿಕೆಯ ಪ್ರದರ್ಶನಕ್ಕೆ ಎಲ್ಲ ದೇಶಗಳಲ್ಲಿಯೂ ದಾರಿಗಳಿವೆ.

ಬಟ್ಟಲು ಒಂದೇ, ಅದರೊಡನೆ ಬಂದದ್ದು ಉದ್ದ ಹಿಡಿಯ ನಾಲ್ಕು ಚಮಚಗಳು. ಎಲ್ಲರೂ ಸುತ್ತ ಕುಳಿತು, ಒಂದೇ ಬಟ್ಟಲಿಗೆ ಚಮಚವಿಳಿಸಿ ತಿನ್ನುವುದು ಅಲ್ಲಿನ ಪದ್ಧತಿ. ಎಂಜಲಿನ ವಿಚಾರದಲ್ಲಿ ಕಟ್ಟುನಿಟ್ಟಾಗಿ ಬೆಳೆದ ನಮ್ಮಂತಹವರಿಗೆ ಇದು ಯೋಚಿಸಬೇಕಾದ ವಿಷಯವೇ. ನಮ್ಮ ಹಿರಿಯರು ಎಂಜಲಿಗೆ ಹಾಕಿದ ಕಟ್ಟಳೆಯ ಹಿಂದೆ ಆರೋಗ್ಯದ ವಿವೇಕವಿದೆ. ಆದರೆ ಅದೇ ಹಿರಿಯರು ಬೆಳದಿಂಗಳಲ್ಲಿ ಮಕ್ಕಳನ್ನೆಲ್ಲ ಸುತ್ತ ಕೂಡಿಸಿಕೊಂಡು, ಒಂದೇ ಪಾತ್ರೆಯಲ್ಲಿ ಅನ್ನ ಕಲಸಿ, ಒಂದೇ ಕೈಯಿಂದ ಹತ್ತು ಬಾಯಿಗಳಿಗೆ ಕೈತುತ್ತು ಹಾಕಿದವರೂ ಹೌದು. ಮಗಳು ನನ್ನ ಮುಖ ನೋಡಿ, "ಅವ್ವಾ, ನಿನಗೆ ಬೇರೆ ಬಟ್ಟಲಿಗೆ ಹಾಕಿಕೊಡಲೇ?" ಎಂದಳು. ಅಲ್ಲಿ ಕೇಳಿದರೆ ಸಣ್ಣ ಬಟ್ಟಲುಗಳನ್ನು ಸಂತೋಷದಿಂದ ಕೊಡುತ್ತಾರೆ. ಇದನ್ನು ವಾಚಕರು ಗಮನದಲ್ಲಿಟ್ಟುಕೊಳ್ಳಬಹುದು. ನಾನು ಬೇಡವೆಂದೆ. ವರ್ಷಕ್ಕೊಮ್ಮೆ ಕೂಡುವ ನಾಲ್ವರಿಗೆ ಒಂದು ಬಟ್ಟಲು ಸಾಲದೇ ಹೋಗುವುದುಂಟೆ?

ಈಗ ತಿನಿಸಿನ ವಿಚಾರ. ಹೆಸರು ಕೇಳಿ ಪರಕೀಯವೆನಿಸುವ ಈ ಕೊರಿಯನ್ ಸಿಹಿಗಳಲ್ಲಿ ಬಹುಪಾಲು ನಮ್ಮ ಅಡುಗೆಮನೆಯ ಬಂಧುಗಳೇ. ಕೆಂಪು ಕಾಳು ನಮ್ಮ ಅಲಸಂದೆ, ಹೆಸರು, ಉದ್ದುಗಳ ಕುಲಕ್ಕೇ ಸೇರಿದುದು. ಸಸ್ಯಶಾಸ್ತ್ರಜ್ಞರು ಈ ನಾಲ್ಕನ್ನೂ 'ವಿಗ್ನಾ' ಎಂಬ ಒಂದೇ ಜಾತಿಯಲ್ಲಿ ಇರಿಸುತ್ತಾರೆ. ಅದನ್ನು ಬೇಯಿಸಿ, ಸಿಹಿ ಬೆರೆಸಿ, ಅರೆದರೆ ಹೋಳಿಗೆಯ ಹೂರಣಕ್ಕೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. ಜಿಗುಟು ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ತುಂಡರಿಸಿ, ಹುರಿಹಿಟ್ಟಿನಲ್ಲಿ ಹೊರಳಿಸಿದರೆ ಇಂಜೋಲ್ಮಿ. ಗೋಧಿಹಿಟ್ಟಿಗೆ ಎಳ್ಳೆಣ್ಣೆ ಹಾಕಿ ತಿಕ್ಕಿ, ಎಣ್ಣೆಯಲ್ಲಿ ಕರಿದು, ಜೇನಿನ ಪಾಕದಲ್ಲಿ ಅದ್ದಿದರೆ ಯಾಕ್ಗ್ವಾ. ನಮ್ಮ ಬಾದುಷಾದ ದೂರದ ತಂಗಿ. ಎಂಟನೆಯ ಚಾಂದ್ರಮಾಸದ ಹುಣ್ಣಿಮೆಯಂದು ಬರುವ ಚೂಸೊಕ್ ಹಬ್ಬಕ್ಕೆ ಮನೆಮನೆಯಲ್ಲಿ ಸೊಂಗ್‌ಪ್ಯೊನ್ ಮಾಡುತ್ತಾರೆ. ಅಕ್ಕಿಹಿಟ್ಟಿನ ಕಣಕದೊಳಗೆ ಎಳ್ಳು ಅಥವಾ ಕಾಳಿನ ಹೂರಣವಿಟ್ಟು, ಅರ್ಧಚಂದ್ರಾಕಾರವಾಗಿ ಮಡಿಸಿ, ಪೈನ್ ಮರದ ಎಲೆಗಳನ್ನು ಹಾಸಿ ಹಬೆಯಲ್ಲಿ ಬೇಯಿಸುವ ಈ ತಿನಿಸನ್ನು ಕಂಡರೆ ನಮ್ಮ ಹೆಣ್ಣುಮಕ್ಕಳು ಕಡುಬೆಂದೇ ಕರೆದಾರು. ಹಗಲು ಅತ್ಯಂತ ಗಿಡ್ಡವಾಗುವ ದೋಂಗ್ಜಿಯ ದಿನ, ಅಂದರೆ ಡಿಸೆಂಬರ್ 22ರ ಸುಮಾರಿಗೆ, ಕೆಂಪು ಕಾಳಿನ ಗಂಜಿ ಮಾಡಿ ಉಣ್ಣುವ ಸಂಪ್ರದಾಯವಿದೆ. ಅದರ ಕೆಂಪು ಬಣ್ಣ ದುಷ್ಟಶಕ್ತಿಗಳನ್ನು ದೂರವಿರಿಸುತ್ತದೆ ಎಂಬುದು ಹಳೆಯ ನಂಬಿಕೆ.

ಸಸ್ಯಾಹಾರಿ ಕುಟುಂಬಗಳು ತಿಳಿದಿರಬೇಕಾದ ಮಾತುಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಾಲಿನ ಮಂಜು, ಕಾಳು, ಅಕ್ಕಿಯ ಉಂಡೆ, ಹುರಿಹಿಟ್ಟು ಇಷ್ಟರಿಂದಲೇ ಆದ ಸಾಂಪ್ರದಾಯಿಕ ಬಿಂಗ್ಸುವಿನಲ್ಲಿ ಮೊಟ್ಟೆಯಾಗಲಿ ಮಾಂಸಜನ್ಯ ವಸ್ತುವಾಗಲಿ ಇರುವುದಿಲ್ಲ. ಎಚ್ಚರ ಬೇಕಾಗುವುದು ಅದರ ಮೇಲಣ ಹೊಸ ಅಲಂಕಾರಗಳ ವಿಷಯದಲ್ಲಿ. ಕೇಕಿನ ತುಂಡುಗಳಲ್ಲಿ ಮೊಟ್ಟೆ ಇರುವುದು ಸಾಮಾನ್ಯ. ಕೆಲವು ಐಸ್‌ಕ್ರೀಂಗಳಲ್ಲಿ ಮೊಟ್ಟೆಯ ಹಳದಿ ಇರಬಹುದು. ಬಣ್ಣಬಣ್ಣದ ಜೆಲ್ಲಿ, ಮಾರ್ಷ್‌ಮೆಲ್ಲೊ, ಮೂಸ್‌ಗಳಲ್ಲಿ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆದ ಜೆಲಾಟಿನ್ ಇರುವುದು ಅಪರೂಪವಲ್ಲ. ಯಾಂಗ್ಗೆಂಗ್ ಎಂಬ ಕೆಂಪು ಕಾಳಿನ ಮಿಠಾಯಿಯನ್ನು ಮಾತ್ರ ಸಾಂಪ್ರದಾಯಿಕವಾಗಿ ಕಡಲಪಾಚಿಯಿಂದ ಬರುವ ಅಗರ್‌ನಿಂದ ಗಟ್ಟಿಗೊಳಿಸುತ್ತಾರೆ. ಬೀದಿಬದಿಯಲ್ಲಿ ಸಿಗುವ ಮೀನಿನ ಆಕಾರದ ಬುಂಗೊಪ್ಪಾಂಗ್ ಕಂಡು ಹಲವರು ಬೆಚ್ಚುತ್ತಾರೆ. ಅದರಲ್ಲಿ ಮೀನು ಇರುವುದು ಆಕಾರದಲ್ಲಿ ಮಾತ್ರ, ಒಳಗಿರುವುದು ಕಾಳಿನ ಹೂರಣ; ಆದರೆ ಹಿಟ್ಟಿಗೆ ಮೊಟ್ಟೆ ಬೆರೆಸಿದ್ದಾರೆಯೇ ಎಂಬುದನ್ನು ಕೇಳಿಯೇ ಕೊಳ್ಳಬೇಕು. ನಮ್ಮ ದೇಶದ ಪೊಟ್ಟಣಗಳ ಮೇಲಿರುವ ಹಸಿರು ಚುಕ್ಕೆಯಂತಹ ಕಡ್ಡಾಯ ಗುರುತು ಅಲ್ಲಿಲ್ಲ. ಪೊಟ್ಟಣದ ತಿನಿಸಾದರೆ ಅಲರ್ಜಿಕಾರಕ ಪದಾರ್ಥಗಳ ಸಾಲಿನಲ್ಲಿ ಮೊಟ್ಟೆಯ ಉಲ್ಲೇಖವಿರುತ್ತದೆ. ಮೊಟ್ಟೆಗೆ ಅವರ ಮಾತಿನಲ್ಲಿ 'ಕ್ಯೇರಾನ್', ಸಸ್ಯಾಹಾರಕ್ಕೆ 'ಚೇಸಿಕ್'. ಈ ಎರಡು ಪದಗಳು ನನಗೆ ಒಂದು ತಿಂಗಳ ಕಾಲ ಬಹಳ ಉಪಕಾರ ಮಾಡಿದವು. ನಮ್ಮೂರಿನ ಕೊರಿಯನ್ ಕೆಫೆಗಳಲ್ಲಿಯೂ ಸಂಕೋಚವಿಲ್ಲದೆ ಕೇಳಿರಿ, ಕೇಳುವುದು ಅಸಭ್ಯತೆಯಲ್ಲ.

ಮಂಜುಗಡ್ಡೆಯ ಕಥೆ ಇನ್ನೂ ಸ್ವಾರಸ್ಯವಾದುದು. ಶೀತಲಯಂತ್ರಗಳಿಲ್ಲದ ಕಾಲದಲ್ಲಿಯೂ ಕೊರಿಯದಲ್ಲಿ ಬೇಸಿಗೆಯ ಮಂಜು ದೊರೆಯುತ್ತಿತ್ತು. ಶಿಲ್ಲಾ ರಾಜ್ಯದ ಅರಸ ಜಿಜುಂಗ್ ಕ್ರಿ.ಶ. 505ರಲ್ಲಿ ಮಂಜುಗಡ್ಡೆಯನ್ನು ಸಂಗ್ರಹಿಸಿಡಲು ಆಜ್ಞಾಪಿಸಿದನೆಂದು 'ಸಮ್ಗುಕ್ ಸಾಗಿ' ಎಂಬ 12ನೆಯ ಶತಮಾನದ ಇತಿಹಾಸ ಗ್ರಂಥ ಹೇಳುತ್ತದೆ. ಗ್ಯೊಂಗ್ಜು ನಗರದಲ್ಲಿ 1738ರಲ್ಲಿ ಕಟ್ಟಿದ ಕಲ್ಲಿನ ಮಂಜುಗೃಹ ಇಂದಿಗೂ ಇದೆ. ಅರ್ಧ ನೆಲದೊಳಗೆ ಇಳಿದ ಕಮಾನಿನ ಕೋಣೆ. ಮೇಲೆ ಹುಲ್ಲು ಬೆಳೆದ ಮಣ್ಣಿನ ದಿಬ್ಬ. ಬಿಸಿಗಾಳಿ ಹೊರಹೋಗಲು ಗವಾಕ್ಷಿಗಳು. ಕರಗಿದ ನೀರು ಹರಿದುಹೋಗಲು ಇಳಿಜಾರಿನ ನೆಲ. ಕಲ್ಲು, ಮಣ್ಣು, ಹುಲ್ಲುಗಳಿಂದಲೇ ಬೇಸಿಗೆಯನ್ನು ತಡೆದು ನಿಲ್ಲಿಸಿದ ಜಾಣ್ಮೆಯದು.

ಸಿಯೋಲ್‌ನಲ್ಲಿ ಜೋಸೋನ್ ರಾಜವಂಶದ ಕಾಲಕ್ಕೆ ಹಾನ್ ನದಿಯ ದಡದಲ್ಲಿ ಎರಡು ಮಂಜಿನ ಉಗ್ರಾಣಗಳಿದ್ದವು. ಪೂರ್ವದ ದೋಂಗ್‌ಬಿಂಗ್ಗೊ ರಾಜವಂಶದ ಪಿತೃಪೂಜಾದಿಗಳಿಗೆ. ಪಶ್ಚಿಮದ ಸೋಬಿಂಗ್ಗೊ ಅರಮನೆಯ ಅಡುಗೆಗೆ ಮತ್ತು ಹಂಚಿಕೆಗೆ. ಉಗ್ರಾಣಗಳು ಈಗಿಲ್ಲ, ಆದರೆ ಆ ಎರಡೂ ಹೆಸರುಗಳು ಬಡಾವಣೆಗಳ ಹೆಸರಾಗಿ ಉಳಿದಿವೆ. ಸೋಬಿಂಗ್ಗೊ ಎಂಬ ರೈಲು ನಿಲ್ದಾಣವೂ ಇದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ನಿಂತು ಮಂಜುಗಡ್ಡೆಯನ್ನು ಕೊಯ್ದು, ಹೊತ್ತು ತಂದು, ಹುಲ್ಲಿನ ನಡುವೆ ಪೇರಿಸುತ್ತಿದ್ದವರು ಬಡಜನರು. ಆ ಬಿಟ್ಟಿ ದುಡಿಮೆಯ ಕಠೋರತೆಗೆ ಅಂಜಿ ನದೀತೀರದ ಗಂಡಸರು ಊರು ಬಿಟ್ಟು ಓಡಿಹೋಗುತ್ತಿದ್ದರಂತೆ. ತಣ್ಣನೆಯ ಸುಖದ ಹಿಂದೆ ಯಾರದೋ ಮರಗಟ್ಟಿದ ಕೈಗಳಿದ್ದವೆಂಬುದನ್ನು ನಾವು ಮರೆಯಬಾರದು.

ಹಾಗೆ ಕೂಡಿಟ್ಟ ಮಂಜು ಬೇಸಿಗೆಯಲ್ಲಿ ಯಾರಿಗೆ ಸಲ್ಲಬೇಕು? 1485ರಲ್ಲಿ ಜಾರಿಗೆ ಬಂದ 'ಗ್ಯೊಂಗುಕ್ ದೇಜೋನ್' ಎಂಬ ರಾಜ್ಯದ ಕಾನೂನು ಸಂಹಿತೆಯಲ್ಲಿಯೇ ಇದಕ್ಕೆ ಉತ್ತರವಿದೆ. ರಾಜಬಂಧುಗಳಿಗೆ ಮತ್ತು ಉನ್ನತಾಧಿಕಾರಿಗಳಿಗೆ ಪಾಲು ಸಲ್ಲುವುದು ಸಹಜವೇ. ಆದರೆ ಅಷ್ಟಕ್ಕೇ ನಿಲ್ಲದೆ, 70 ವರ್ಷ ದಾಟಿದ ನಿವೃತ್ತ ಅಧಿಕಾರಿಗಳಿಗೆ, ಬಡವರಿಗಾಗಿ ಇದ್ದ ಸರಕಾರಿ ಚಿಕಿತ್ಸಾಲಯದ ರೋಗಿಗಳಿಗೆ, ಕೊನೆಗೆ ಸೆರೆಮನೆಯ ಕೈದಿಗಳಿಗೂ ಮಂಜುಗಡ್ಡೆಯನ್ನು ಹಂಚಬೇಕೆಂದು ಆ ಸಂಹಿತೆ ವಿಧಿಸುತ್ತದೆ. ಬಂಗಾರಕ್ಕಿಂತ ಬೇಗ ಕರಗಿಹೋಗುವ ಈ ಸಂಪತ್ತಿನಲ್ಲಿ ಮುದುಕರಿಗೂ ರೋಗಿಗಳಿಗೂ ಸೆರೆಯಾಳುಗಳಿಗೂ ಒಂದು ಪಾಲು! ಐದು ಶತಮಾನಗಳ ಹಿಂದಿನ ಆ ಕಟ್ಟಳೆಯನ್ನು ತಿಳಿದಾಗ ನನ್ನ ಮನಸ್ಸು ಬಹಳ ಹೊತ್ತು ಅಲ್ಲಿಯೇ ನಿಂತಿತು. ಅದಕ್ಕೆ ಕಾರಣವೂ ಇದೆ.

ನಾವು ಆ ಕೆಫೆಯನ್ನು ಹೊಗುವುದಕ್ಕೆ ಮುನ್ನ, ಅದೇ ಓಣಿಯ ಇನ್ನೊಂದು ಕೆಫೆಯ ಬಾಗಿಲಿಗೆ ಹೋಗಿದ್ದೆವು. ಚೆಲುವಾದ ಬಾಗಿಲು, ಗಾಜಿನಾಚೆ ಚೆಲುವಾದ ತಿನಿಸುಗಳು. ಬಾಗಿಲ ಮೇಲೆ ಅಂಗೈಯಗಲದ ಫಲಕವೊಂದಿತ್ತು. ಅದನ್ನು ಮೊದಲು ಓದಿದವಳು ಮೊಮ್ಮಗಳು. ಓದಿ, ಒಂದು ಹೆಜ್ಜೆ ಹಿಂದೆ ಸರಿದು, ನನ್ನ ಕೈ ಹಿಡಿದು, "ಇಲ್ಲಿ ಬೇಡ ಅಜ್ಜಿ. ಇಲ್ಲಿ ನಾನು ಬರುವ ಹಾಗಿಲ್ಲ" ಎಂದಳು. ಹದಿಮೂರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲವೆಂಬುದು ಆ ಫಲಕದ ಒಕ್ಕಣೆ. ಅವಳ ದನಿಯಲ್ಲಿ ಅಳುವಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಇಂತಹ ಫಲಕಗಳನ್ನು ಆಕೆ ಮೊದಲೇ ಕಂಡಿದ್ದಾಳೆಂಬುದು ಅದರಿಂದಲೇ ತಿಳಿಯಿತು. ನನ್ನನ್ನು ನೋಯಿಸಿದ್ದೂ ಅದೇ.

'ನೋ ಕಿಡ್ಸ್ ಜೋನ್' ಎಂದು ಕರೆಯಲಾಗುವ ಈ ನಿಷೇಧದ ಬಗ್ಗೆ ಕೊರಿಯದಲ್ಲಿ ಕಳೆದ ಹತ್ತು ವರ್ಷಗಳಿಂದ ಬಿರುಸಿನ ಚರ್ಚೆ ನಡೆದಿದೆ. ಮಾಲೀಕರ ಪರವಾಗಿಯೂ ಹೇಳಬೇಕಾದ ಮಾತಿದೆ. ಓಡಾಡುವ ಮಗುವಿನ ಮೇಲೆ ಬಿಸಿನೀರೋ ಬಿಸಿ ಅಡುಗೆಯೋ ಚೆಲ್ಲಿ ಗಾಯವಾದರೆ ಅಂಗಡಿಯವರೇ ಪರಿಹಾರ ತೆರಬೇಕಾಗುತ್ತದೆ. ಮಕ್ಕಳನ್ನು ಹದ್ದಿನಲ್ಲಿಡದ ತಂದೆತಾಯಿಗಳ ಉಪಟಳವೂ ಸುಳ್ಳಲ್ಲ. ಸದ್ದಿಲ್ಲದ ಮೂಲೆಯೊಂದನ್ನು ಬಯಸಿ ಬರುವ ಗಿರಾಕಿಗಳೂ ಇದ್ದಾರೆ. ಆದರೂ ಮಕ್ಕಳೆಂಬ ಒಂದೇ ಕಾರಣಕ್ಕೆ ಎಲ್ಲ ಮಕ್ಕಳನ್ನೂ ಹೊರಗಿಡುವುದು ತಾರತಮ್ಯವೆಂದು ಆ ದೇಶದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2017ರಲ್ಲಿ, ಜೇಜು ದ್ವೀಪದ ಉಪಾಹಾರ ಗೃಹವೊಂದರ ಪ್ರಕರಣದಲ್ಲಿ ಅಭಿಪ್ರಾಯಪಟ್ಟಿತು. ಆಯೋಗದ ಮಾತು ಶಿಫಾರಸೇ ಹೊರತು ಆಜ್ಞೆಯಲ್ಲವಾದ್ದರಿಂದ ಫಲಕಗಳು ಉಳಿದುಕೊಂಡಿವೆ. ಜನನಪ್ರಮಾಣ 2023ರಲ್ಲಿ ಒಬ್ಬ ಹೆಣ್ಣುಮಗಳಿಗೆ 0.72 ಮಗುವಿನಷ್ಟು ಕೆಳಗಿಳಿದು, ಲೋಕದಲ್ಲಿಯೇ ಅತಿ ಕಡಿಮೆಯೆನಿಸಿಕೊಂಡ ದೇಶದಲ್ಲಿ, ಇರುವ ಕೆಲವೇ ಮಕ್ಕಳಿಗೆ ಬಾಗಿಲು ಮುಚ್ಚುವ ಈ ಪರಿ ವಿಚಾರವಂತರನ್ನು ಚಿಂತೆಗೀಡುಮಾಡಿದೆ.

ಮಕ್ಕಳ ಸರದಿಯ ಬಳಿಕ ಮುದುಕರದು. 2023ರಲ್ಲಿ ಕೆಫೆಯೊಂದು 60 ವರ್ಷ ದಾಟಿದವರಿಗೆ ಪ್ರವೇಶವಿಲ್ಲವೆಂಬ ಫಲಕ ಹಾಕಿದ್ದು ಆ ದೇಶದಲ್ಲಿ ದೊಡ್ಡ ಸುದ್ದಿಯಾಯಿತು. ಇದರಲ್ಲೊಂದು ವಿಪರ್ಯಾಸವಿದೆ. ಇಂದಿನ ಕೊರಿಯನ್ ತರುಣರಲ್ಲಿ ಅಜ್ಜಿಯ ಕಾಲದ ರುಚಿಗಳ ಮೋಹ ಬಲವಾಗಿದೆ. ಯಾಕ್ಗ್ವಾ, ಇಂಜೋಲ್ಮಿ, ಯಾಂಗ್ಗೆಂಗ್‌ಗಳಿಗೆ ಸಾಲುಗಟ್ಟಿ ನಿಲ್ಲುತ್ತಾರೆ. ಅಜ್ಜಿಗೆ 'ಹಾಲ್ಮೊನಿ' ಎನ್ನುವ ಆ ಭಾಷೆಯಲ್ಲಿ ಈ ಹೊಸ ಅಭಿರುಚಿಗೆ 'ಹಾಲ್ಮೇನಿಯಲ್' ಎಂಬ ಪದವೇ ಹುಟ್ಟಿಕೊಂಡಿದೆ. ಅಜ್ಜಿಯ ರುಚಿ ಬೇಕು, ಅಜ್ಜಿ ಬೇಡವೆಂದರೆ ಹೇಗೆ? ಇಕ್ಸೋನ್‌ದೋಂಗ್‌ನಿಂದ ಕೂಗಳತೆಯಲ್ಲಿ ತಾಪ್ಗೋಲ್ ಉದ್ಯಾನವಿದೆ. 1919ರ ಮಾರ್ಚ್ 1ರಂದು ಕೊರಿಯದ ಸ್ವಾತಂತ್ರ್ಯ ಘೋಷಣೆಯನ್ನು ಓದಿದ ಪವಿತ್ರ ಸ್ಥಳವದು. ಹೊತ್ತು ಕಳೆಯಲು ವೃದ್ಧರು ಬಂದು ಕೂಡುವ ತಾಣವೆಂದು ಇಂದು ಅದು ಪ್ರಸಿದ್ಧ. 65 ದಾಟಿದವರಿಗೆ ಅಲ್ಲಿನ ಸುರಂಗ ರೈಲಿನಲ್ಲಿ ಟಿಕೆಟ್ಟಿಲ್ಲ. ಹಾಗಾಗಿ ದೂರದೂರದಿಂದ ಬರುತ್ತಾರೆ. ಒಂದೇ ನಿಲ್ದಾಣದಲ್ಲಿ ಇಳಿದ ಜನ ಎರಡು ದಾರಿ ಹಿಡಿಯುತ್ತಾರೆ: ತರುಣರು ಕೆಫೆಯ ಓಣಿಗೆ, ಮುದುಕರು ಉದ್ಯಾನದ ಗೋಡೆಯ ನೆರಳಿಗೆ. 2024ರ ಡಿಸೆಂಬರ್ ವೇಳೆಗೆ ಅಲ್ಲಿನ ಜನಸಂಖ್ಯೆಯ ಐದರಲ್ಲೊಂದು ಪಾಲು 65 ವರ್ಷ ಮೀರಿದವರದಾಯಿತು.

ಕೆಫೆಗಳೆಂದರೆ ಕೊರಿಯನ್ನರಿಗೆ ಬರಿಯ ತಿಂಡಿಯ ಅಂಗಡಿಗಳಲ್ಲ. ಹಿಂದೆ 'ದಾಬಾಂಗ್' ಎಂಬ ಚಹಾ-ಕಾಫಿ ಮನೆಗಳು ಕವಿಗಳಿಗೂ ವಿದ್ಯಾರ್ಥಿಗಳಿಗೂ ಕೂಟದ ಸ್ಥಳಗಳಾಗಿದ್ದವು. 1956ರಲ್ಲಿ ಆರಂಭವಾದ ಹಾಕ್ರಿಮ್ ದಾಬಾಂಗ್ ಇಂದಿಗೂ ಸಿಯೋಲ್‌ನಲ್ಲಿ ನಡೆಯುತ್ತಿದೆ. 2022ರ ಕೊನೆಯ ಹೊತ್ತಿಗೆ ದೇಶದಲ್ಲಿ ಕಾಫಿ ಅಂಗಡಿಗಳ ಸಂಖ್ಯೆ ಒಂದು ಲಕ್ಷವನ್ನು ದಾಟಿತು. ಸಣ್ಣ ಮನೆಗಳಲ್ಲಿ ವಾಸಿಸುವ ಜನಕ್ಕೆ ಕೆಫೆಯೇ ನಡುಮನೆ. ಸ್ನೇಹಿತರು ಕೂಡುವುದು ಅಲ್ಲಿ, ಪರೀಕ್ಷೆಗೆ ಓದುವುದೂ ಅಲ್ಲಿ. ನಡುಮನೆಯಿಂದ ಮಕ್ಕಳನ್ನೂ ಹಿರಿಯರನ್ನೂ ಹೊರಗಿರಿಸಿದರೆ ಉಳಿಯುವುದು ಒಂಟಿತನವೇ. 2023ರ ಲೆಕ್ಕದಂತೆ ಅಲ್ಲಿನ ಮನೆಗಳಲ್ಲಿ ಶೇಕಡಾ 35.5ರಷ್ಟು ಒಬ್ಬರೇ ವಾಸಿಸುವ ಮನೆಗಳು. ಹಿಂದೆ ನಾಲ್ಕು ಚಮಚಗಳೊಡನೆ ಬರುತ್ತಿದ್ದ ಬಿಂಗ್ಸು ಈಗ ಒಬ್ಬರಿಗಷ್ಟೇ ಸಾಲುವ ಸಣ್ಣ ಬಟ್ಟಲಿನಲ್ಲಿಯೂ ಮಾರಾಟವಾಗುತ್ತದೆ. ಒಂಟಿಯಾಗಿರುವವರಿಗೆ ಅದು ಅನುಕೂಲವೇ ಸರಿ, ದೂರುವಂತಿಲ್ಲ. ಆದರೆ ನಮ್ಮ ಪಕ್ಕದ ಮೇಜಿನಲ್ಲಿ ಎದುರು ಬದುರಾಗಿ ಕುಳಿತ ಇಬ್ಬರು ಗೆಳತಿಯರೂ ತಂತಮ್ಮ ಬಟ್ಟಲನ್ನೇ ತರಿಸಿಕೊಂಡಿದ್ದರು.

ಇದಕ್ಕೆ ಪ್ರತಿಯಾಗಿ ಅದೇ ದೇಶದ ಇನ್ನೊಂದು ಉದಾಹರಣೆಯನ್ನೂ ಹೇಳಬೇಕು. ದೇಜೋನ್ ನಗರದಲ್ಲಿ ಸಂಗ್‌ಶಿಮ್‌ದಾಂಗ್ ಎಂಬ ಬೇಕರಿಯಿದೆ. ಅದರ ಸ್ಥಾಪಕರು ಕೊರಿಯದ ಯುದ್ಧದಲ್ಲಿ ಉತ್ತರದಿಂದ ಎಲ್ಲವನ್ನೂ ಬಿಟ್ಟು ಬಂದ ನಿರಾಶ್ರಿತರು. 1956ರಲ್ಲಿ ಅಲ್ಲಿನ ಚರ್ಚಿನ ಪಾದ್ರಿಯೊಬ್ಬರು ಕೊಟ್ಟ ಎರಡು ಮೂಟೆ ಗೋಧಿಹಿಟ್ಟಿನಿಂದ ರೈಲು ನಿಲ್ದಾಣದೆದುರು ಹಬೆಯಲ್ಲಿ ಬೇಯಿಸಿದ ಬನ್ನುಗಳನ್ನು ಮಾರತೊಡಗಿದರು. ತಮ್ಮ ಕುಟುಂಬವೇ ಬಡತನದಲ್ಲಿದ್ದಾಗಲೂ ಮಾಡಿದ ಬನ್ನುಗಳಲ್ಲಿ ಒಂದು ಪಾಲನ್ನು ಹಸಿದವರಿಗೆ ಹಂಚುತ್ತಿದ್ದರು. ಇಂದು ಅದು ದೇಶವಿಡೀ ಹೆಸರಾದ ದೊಡ್ಡ ಸಂಸ್ಥೆ. ಸ್ಟ್ರಾಬೆರಿ ಕೇಕಿಗಾಗಿ ಬೇರೆ ಊರುಗಳಿಂದ ರೈಲಿನಲ್ಲಿ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಬಡವರಿಗೆ ಹಂಚುವ ಪದ್ಧತಿಯನ್ನು ಅವರು ಬಿಟ್ಟಿಲ್ಲ. ಗರ್ಭಿಣಿಯರನ್ನು ಸಾಲಿನಲ್ಲಿ ಕಾಯಿಸದೆ ಒಳಗೆ ಬಿಡುತ್ತಾರೆ. ದುಡಿಮೆಯೂ ದಾಸೋಹವೂ ಒಂದೇ ಒಲೆಯ ಮೇಲೆ ಬೇಯಬಲ್ಲವೆಂಬುದಕ್ಕೆ ನಿದರ್ಶನ ಹುಡುಕಿಕೊಂಡು ನಾವು ಬಹುದೂರ ಹೋಗಬೇಕಾಗಿಲ್ಲ. ಹೋದರೆ ಅಲ್ಲಿಯೂ ಅದು ಸಿಗುತ್ತದೆ ಎಂಬುದೇ ಸಂತೋಷ.

ಬಿಂಗ್ಸು ಸವಿಯಲು ಕೊರಿಯಕ್ಕೋ ಬೆಂಗಳೂರಿಗೋ ಹೋಗಲೇಬೇಕೆಂದಿಲ್ಲ. ಮಗಳ ಮನೆಯಲ್ಲಿ ನಾವು ಮಾಡಿ ನೋಡಿದ ಕ್ರಮವನ್ನು ಸಹೋದರಿಯರಿಗಾಗಿ ಇಲ್ಲಿ ಕೊಡುತ್ತೇನೆ. ಅರ್ಧ ಲೀಟರ್ ಗಟ್ಟಿ ಹಾಲಿಗೆ ನಾಲ್ಕು ಚಮಚ ಸಕ್ಕರೆ ಹಾಕಿ ಕಾಯಿಸಿ, ಚೆನ್ನಾಗಿ ಆರಿಸಿ, ಅಗಲವಾದ ಸ್ಟೀಲಿನ ತಾಟಿನಲ್ಲಿ ತೆಳ್ಳಗೆ ಸುರಿದು ಫ್ರೀಜರಿನಲ್ಲಿಡಿ. ಅಂಚು ಗಟ್ಟಿಯಾಗುತ್ತಿದ್ದಂತೆ ಮುಳ್ಳುಚಮಚದಿಂದ ಕೆರೆದು ಮತ್ತೆ ಇಡಿ. ಅರ್ಧ ಗಂಟೆಗೊಮ್ಮೆ ಹೀಗೆ ನಾಲ್ಕೈದು ಬಾರಿ ಮಾಡಿದರೆ ಹರಳು ಹರಳಾದ ಹಾಲಿನ ಮಂಜು ಸಿದ್ಧ. ಒಂದು ಬಟ್ಟಲು ಕೆಂಪು ಅಲಸಂದೆಯನ್ನು ರಾತ್ರಿ ನೆನೆಸಿ, ಮೊದಲ ಕುದಿಯ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ. ಮುಕ್ಕಾಲು ಬಟ್ಟಲು ಬೆಲ್ಲ, ಚಿಟಿಕೆ ಉಪ್ಪು ಸೇರಿಸಿ, ಅರ್ಧ ಕಾಳು ಕಾಳಾಗಿಯೇ ಉಳಿಯುವಂತೆ ಮಸೆದು, ಗಟ್ಟಿಯಾಗುವವರೆಗೆ ಕೈಯಾಡಿಸಿ, ತಣ್ಣಗಾಗಲು ಬಿಡಿ. ಕಡುಬಿಗೆ ಮಾಡುವಂತೆ ಉಕ್ಕರಿಸಿದ ಅಕ್ಕಿಹಿಟ್ಟಿನಿಂದ ಗೋಲಿಯಷ್ಟು ಉಂಡೆಗಳನ್ನು ಕಟ್ಟಿ ಹಬೆಯಲ್ಲಿ ಬೇಯಿಸಿಕೊಳ್ಳಿ. ಸೋಯಾ ಹುರಿಹಿಟ್ಟಿನ ಬದಲು ಪುಟಾಣಿಯನ್ನು ನುಣ್ಣಗೆ ಪುಡಿ ಮಾಡಿದರಾಯಿತು. ದೊಡ್ಡ ಬಟ್ಟಲಿನಲ್ಲಿ ಮೊದಲು ಮಂಜು, ಮೇಲೆ ಕಾಳು, ಸುತ್ತ ಉಂಡೆ, ಕೊನೆಗೆ ಪುಟಾಣಿ ಹಿಟ್ಟು. ಮಾವಿನ ಕಾಲವಾದರೆ ನಾಲ್ಕು ಹೋಳು ಆಪೂಸು ಮೇಲಿಡಿ. ಖರ್ಚು ಕೆಫೆಯ ಬೆಲೆಯ ಹತ್ತರಲ್ಲೊಂದು ಪಾಲಿಗೆ ಹೆಚ್ಚಾಗದು.

ಕೆಫೆಗೆ ಹೋಗಬಾರದೆಂದು ಇದರ ಅರ್ಥವಲ್ಲ. ವರ್ಷದಲ್ಲಿ ಒಂದೆರಡು ಬಾರಿ ಮಕ್ಕಳ ಜೊತೆ ಹೋಗಿ ಕುಳಿತು, ಬೇರೊಂದು ದೇಶದ ರುಚಿಯನ್ನೂ ರೀತಿಯನ್ನೂ ತಿಳಿಯುವುದು ಒಳ್ಳೆಯದೇ. ಹೋಗುವಾಗ ಅಜ್ಜ ಅಜ್ಜಿಯರನ್ನೂ ಕರೆದೊಯ್ಯಿರಿ. ಕುರ್ಚಿಯಿಂದ ಕುರ್ಚಿಗೆ ಹಾರದೆ, ಪಕ್ಕದ ಮೇಜಿನವರಿಗೆ ತೊಂದರೆಯಾಗದಂತೆ ಕುಳಿತು ತಿನ್ನುವುದನ್ನು ಮಕ್ಕಳಿಗೆ ಮನೆಯಲ್ಲಿಯೇ ಕಲಿಸಿರಿ. ಮಕ್ಕಳನ್ನು ಹೊರಗಿಡುವ ಫಲಕಕ್ಕೆ ನೆಪವನ್ನು ನಾವೇ ಒದಗಿಸಬಾರದು. ನಮ್ಮ ಸಮಾಜದ ಅನೇಕ ತರುಣ ತರುಣಿಯರು ಇಂದು ಬೇಕರಿ, ಕೆಫೆಗಳ ಉದ್ಯಮಕ್ಕೆ ಕೈಹಾಕುತ್ತಿದ್ದಾರೆ. ಅವರಲ್ಲಿ ನನ್ನದೊಂದು ಬಿನ್ನಹ. ಗೋಡೆಯ ಬಣ್ಣ, ದೀಪದ ಅಂದಗಳನ್ನು ಕೊರಿಯನ್ನರಿಂದ ಧಾರಾಳವಾಗಿ ಕಲಿಯಿರಿ. ಯಂತ್ರವನ್ನು ಇಡುವುದಾದರೆ ಅದರ ಪಕ್ಕದಲ್ಲಿ, ಹಿರಿಯರು ಬಂದಾಗ "ಏನು ಬೇಕು, ಅಮ್ಮಾ?" ಎಂದು ಕೇಳುವ ಒಬ್ಬ ಮನುಷ್ಯನನ್ನೂ ಇರಿಸಿರಿ. ಮಗುವಿಗೆ ಕೂರಲೊಂದು ಎತ್ತರದ ಕುರ್ಚಿ, ಮೊಣಕಾಲು ನೋವಿನವರಿಗೆ ಒರಗಲೊಂದು ಬೆನ್ನಿರುವ ಕುರ್ಚಿ ಇರಲಿ. ಬಟ್ಟಲು ದೊಡ್ಡದಿರಲಿ, ಚಮಚಗಳನ್ನು ಎಣಿಸಿ ಕೊಡಬೇಡಿ.